ಆರು ಬೆಂಡಿನ ಆಸಾಮಿ

ಈಚೆಗೆ ಜಗತ್ತು ನನ್ನೊಡನೆ ಒಂದೇ ಒಂದು ಪದದಲ್ಲಿ ವ್ಯವಹರಿಸಲು ನಿರ್ಧರಿಸಿದಂತಿದೆ. ಆ ಪದ 'ನಿಧಾನ'. ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟರೆ ಕಂಡಕ್ಟರು 'ನಿಧಾನ, ಯಜಮಾನ್ರೆ' ಎನ್ನುತ್ತಾನೆ. ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತವನು, ಜನರನ್ನು ಹೆದರಿಸುವುದಕ್ಕೆಂದೇ ಸಂಬಳ ಪಡೆಯುವವನು, ನನ್ನನ್ನು ಕಂಡೊಡನೆ ಕೋವಿಯನ್ನು ಗೋಡೆಗೊರಗಿಸಿ ತೋಳು ಚಾಚಿ 'ನಿಧಾನ, ನಿಧಾನ' ಎನ್ನುತ್ತಾನೆ. ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿನವಳು ಕೂಡ, ತನ್ನ ಒಂದು ಕಟ್ಟಿನ ಭಾರಕ್ಕೆ ನಾನು ಮುಗ್ಗರಿಸಿ ಬಿದ್ದೇನೆಂಬ ಆತಂಕದಿಂದ, ಸೊಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ನನ್ನ ಚೀಲದೊಳಕ್ಕೆ ಇಳಿಸಿ, 'ನಿಧಾನ ಹೋಗ್ರಿ' ಎಂದು ಬೀಳ್ಕೊಡುತ್ತಾಳೆ.

ನನ್ನ ವಯಸ್ಸು ಅರವತ್ತೇಳು. ಇದು ಮುಚ್ಚಿಡುವ ಸಂಗತಿಯಲ್ಲ; ಮುಚ್ಚಿಟ್ಟರೂ ನನ್ನ ಎಡಮಂಡಿ ಅದನ್ನು ಮೆಟ್ಟಿಲಿಗೊಮ್ಮೆ ಸಾರಿ ಹೇಳುತ್ತದೆ. ನನ್ನ ತಕರಾರು ವಯಸ್ಸಿನ ಮೇಲಲ್ಲ, ಆ ಪದದ ಮೇಲೆ. ಯಾಕೆಂದರೆ ಇದೇ ಜಗತ್ತು ಅರ್ಧ ಶತಮಾನದ ಕಾಲ ನನಗೆ ಇನ್ನೊಂದೇ ಪದವನ್ನು ಹೇಳಿಕೊಂಡು ಬಂದಿತ್ತು: ಬೇಗ. ಅವ್ವ 'ಬೇಗ ಏಳು' ಅಂದಳು, ಹೆಡ್ಮಾಸ್ತರರು 'ಬೇಗ ಪಾಠ ಮುಗಿಸ್ರಿ' ಅಂದರು, ಹೆಂಡತಿ 'ಬೇಗ ಬರ್ರಿ, ಬಸ್ಸು ಹೊಂಡ್ತದೆ' ಅಂದಳು. ಬೇಗದ ಯುಗ ಮುಗಿದು ನಿಧಾನದ ಯುಗ ಆರಂಭವಾಗುವ ನಡುವೆ, ಯಾರೂ ನನಗೆ ಏನನ್ನೂ ಹೇಳದೆ ನನ್ನ ಪಾಡಿಗೆ ನನ್ನನ್ನು ಬಿಟ್ಟ ಒಂದು ದಿನವಾದರೂ ಇದ್ದಿರಲೇಬೇಕು. ಆ ಸುದಿನ ನಾನು ಬಹುಶಃ ಎಲ್ಲೋ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಉತ್ತರಪತ್ರಿಕೆಯ ಮಾತು ಬಂದದ್ದರಿಂದ ನನ್ನ ಪೂರ್ವಾಶ್ರಮವನ್ನು ಅರಿಕೆ ಮಾಡಿಕೊಳ್ಳಬೇಕು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರು. ಜಗಳೂರಿನಲ್ಲಿ ಆರಂಭಿಸಿ, ಕೆರೆಬಿಳಚಿ, ನ್ಯಾಮತಿಗಳನ್ನು ಹಾದು, ಹೆಂಡತಿಯ ತವರಾದ ಹೊನ್ನಾಳಿಯಲ್ಲಿ ನಿವೃತ್ತನಾದೆ. ಈ ಅವಧಿಯಲ್ಲಿ ಭೂಮಂಡಲದ ಐದೂ ಮಹಾಸಾಗರಗಳನ್ನು, ಅವುಗಳ ಶೀತೋಷ್ಣ ಪ್ರವಾಹಗಳ ಸಮೇತ, ಬಣ್ಣದ ಸೀಮೆಸುಣ್ಣದಲ್ಲಿ ವರ್ಷಕ್ಕೊಮ್ಮೆ ಹರಿಯಿಸಿದ್ದೇನೆ. ಆದರೆ ಸ್ವತಃ ನಾನು ಮೊಣಕಾಲಿಗಿಂತ ಮೇಲಕ್ಕೆ ನೀರು ಬರುವ ಯಾವ ಪ್ರದೇಶಕ್ಕೂ ಕಾಲಿಟ್ಟವನಲ್ಲ. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಅಲ್ಲಿ ನಮಗೆ ತಿಳಿದಿದ್ದ ನೀರಿಗೆ ಕೊಡದ ಆಕಾರವೇ ಇತ್ತು. ಅದನ್ನು ತಲೆಯ ಮೇಲೆ ಹೊತ್ತು ತರಬಹುದಿತ್ತೇ ಹೊರತು ಅದರೊಳಗೆ ಮನುಷ್ಯ ಇಳಿಯಬಹುದೆಂಬ ಕಲ್ಪನೆ, ಅಟ್ಟದ ಮೇಲಿನ ರಾಗಿ ಗುಡಾಣದಲ್ಲಿ ಸಂಸಾರ ಹೂಡಬಹುದೆಂಬ ಕಲ್ಪನೆಯಷ್ಟೇ ವಿಚಿತ್ರವಾಗಿತ್ತು.

ಕೆರೆಬಿಳಚಿಯ ಶಾಲೆಯಲ್ಲಿದ್ದಾಗ ಒಮ್ಮೆ ಮಕ್ಕಳನ್ನು ಹತ್ತಿರದ ಸೂಳೆಕೆರೆಗೆ ಕರೆದೊಯ್ದೆ. ಏರಿಯ ಮೇಲೆ ಕೊಡೆ ಬಿಚ್ಚಿ ನಿಂತು ಜಲಾನಯನ ಪ್ರದೇಶದ ಕುರಿತು ಗಂಭೀರವಾಗಿ ಉಪನ್ಯಾಸ ಆರಂಭಿಸಿದೆ. ಎರಡನೆಯ ವಾಕ್ಯ ಮುಗಿಸಿ ಕಣ್ಣೆತ್ತುವಷ್ಟರಲ್ಲಿ ಶ್ರೋತೃವರ್ಗದಲ್ಲಿ ಅಂಗಿಗಳು ಮಾತ್ರ ಉಳಿದಿದ್ದವು. ಅಂಗಿಯ ಒಡೆಯರೆಲ್ಲ ನೀರಿನಲ್ಲಿದ್ದರು. 'ಸಾರ್, ನೀವೂ ಬರ್ರಿ' ಎಂದು ಒಬ್ಬ ಕೂಗಿದ. ಬರುವುದಿಲ್ಲ ಎನ್ನಬಹುದಿತ್ತು, ಬಾರದು ಎನ್ನಬಹುದಿತ್ತು. ನಾನು 'ನೆಗಡಿಯಾಗಿದೆ' ಎಂದೆ. ಆ ನೆಗಡಿ ನಿವೃತ್ತಿಯಾಗುವವರೆಗೂ ವಾಸಿಯಾಗಲಿಲ್ಲ. ಯಾವ ಪ್ರವಾಸಕ್ಕೆ ಹೋದರೂ, ಯಾವ ಹೊಳೆ ಕಂಡರೂ, ನನ್ನ ಮೂಗು ಕಟ್ಟುತ್ತಿತ್ತು.

ಹೊನ್ನಾಳಿಗೆ ಬಂದ ಮೇಲೆ ಈ ನೆಗಡಿಯ ಪರಿಸ್ಥಿತಿ ವಿಷಮಿಸಿತು. ತುಂಗಭದ್ರೆಯ ದಡದ ಊರು. ಇಲ್ಲಿಯವರು ಈಜು ಬರುವುದನ್ನು ವಿದ್ಯೆಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಉಂಡು ಕೈ ತೊಳೆಯುವುದಕ್ಕೆ ಸಮಾನ. ನನ್ನ ಹೆಂಡತಿ ವಿಶಾಲಾಕ್ಷಿ ಮದುವೆಯಾದ ಹೊಸತರಲ್ಲೇ ನನ್ನ ರಹಸ್ಯವನ್ನು ಪತ್ತೆಹಚ್ಚಿ, ದೊಡ್ಡ ಮನಸ್ಸು ಮಾಡಿ, ತನ್ನ ಅಣ್ಣತಮ್ಮಂದಿರಿಗೆ ಮಾತ್ರ ಹೇಳಿದಳು. ಅವರು ಏಳು ಜನ.

ಇಂತಿರುವ ನಾನು ಅರವತ್ತೇಳನೆಯ ವಯಸ್ಸಿನಲ್ಲಿ ಬಾವಿಗೆ ಬಿದ್ದೆ. ದಯಮಾಡಿ ಗಾಬರಿಯಾಗಬೇಡಿ; ತಿಳಿದೇ ಬಿದ್ದೆ, ಮೈಗೆ ಎಣ್ಣೆ ಸವರಿಕೊಂಡು, ಗುರುಸಮ್ಮುಖದಲ್ಲಿ ಬಿದ್ದೆ. ಗುರುಗಳ ಹೆಸರು ಬುಡೇನ್ ಸಾಬ್.

ಬುಡೇನ್ ಸಾಬರು ಅರಳೆ ಹಿಂಜಿ ಗಾದಿ ತುಂಬುವವರು. ವಯಸ್ಸು ಎಪ್ಪತ್ತನಾಲ್ಕು ಎಂದು ಅವರೇ ಹೇಳುತ್ತಾರೆ, ಇನ್ನೂ ಹೆಚ್ಚಿರಬಹುದೆಂದು ಅವರ ತಮ್ಮ ಹೇಳುತ್ತಾನೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಗಾದಿ ಮಧ್ಯದಲ್ಲಿ ತಗ್ಗು ಬಿದ್ದು, ಮಲಗಿದವರಿಗೆ ಎದ್ದೇಳುವ ಇಚ್ಛೆಯಿದ್ದರೂ ಮಾರ್ಗ ಕಾಣದಂತಾದಾಗ, ವಿಶಾಲಾಕ್ಷಿ ಅವರನ್ನು ಕರೆಸಿದಳು. ಅಂಗಳದಲ್ಲಿ ಅರಳೆ ಹಿಂಜುತ್ತಾ, ಎದುರಿನ ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದ ನನಗೆ ಕೇಳಿಸುವಂತೆ, ಸಾಬರು ತಾವು ಈ ಊರಿನ ಮೂರು ತಲೆಮಾರಿಗೆ ಈಜು ಕಲಿಸಿದ ಇತಿಹಾಸವನ್ನು ಬಿಚ್ಚಿದರು. ಕಲಿತವರಲ್ಲಿ ವಕೀಲರಿದ್ದರು, ಒಬ್ಬ ಡಾಕ್ಟರಿದ್ದ, ನನ್ನ ಏಳು ಭಾವಮೈದುನರ ಪೈಕಿ ಐವರಿದ್ದರು. ಈಗ ಯಾರೂ ಬರುವುದಿಲ್ಲ, ಮಕ್ಕಳನ್ನು ದಾವಣಗೆರೆಯ ಈಜುಕೊಳಕ್ಕೆ ಕರೆದೊಯ್ಯುತ್ತಾರೆ ಎಂದರು.

'ನಮ್ಮ ಯಜಮಾನರಿಗೂ ಬರಲ್ಲ' ಎಂದಳು ವಿಶಾಲಾಕ್ಷಿ, ಯಾರೂ ಕೇಳದಿದ್ದರೂ.

ಸಾಬರ ಕೈ ನಿಂತಿತು. ಅವರು ನನ್ನನ್ನು ನೋಡಿದ ರೀತಿಯಲ್ಲಿ ತಿರಸ್ಕಾರವಿರಲಿಲ್ಲ. ತಗ್ಗು ಬಿದ್ದ ಗಾದಿಯನ್ನು ನೋಡುವಾಗ ಅವರ ಮುಖದಲ್ಲಿದ್ದ ವೃತ್ತಿಪರ ಆಸಕ್ತಿಯೇ ಇತ್ತು. ಯಾವ ಗ್ರಹ ಯಾವ ಮನೆಯಲ್ಲಿತ್ತೋ, ನಾನು ಮೂಗು ಕಟ್ಟಿದೆ ಎನ್ನುವ ಬದಲು, 'ಈ ವಯಸ್ಸಿನಲ್ಲಿ ಕಲಿಯಬಹುದೇ, ಸಾಬ್ರೆ?' ಎಂದುಬಿಟ್ಟೆ.

'ನೀರಿಗೇನು ನಿಮ್ಮ ಆಧಾರ್ ಕಾರ್ಡ್ ತೋರಿಸ್ಬೇಕಾ, ಮೇಷ್ಟ್ರೆ?' ಎಂದರು ಬುಡೇನ್ ಸಾಬರು, ಮತ್ತೆ ಹಿಂಜಲು ಶುರುಮಾಡುತ್ತಾ. 'ಆದ್ರೆ ನಾನು ಕಲ್ಸೋದು ಬಿಟ್ಟಿದೀನಿ. ನೀವು ದಾವಣಗೆರೆಗೇ ಹೋಗ್ರಿ.'

ಹೋದೆ. ಅಲ್ಲಿಯ ಈಜುಕೊಳದ ಕಿಟಕಿಯ ಹಿಂದಿದ್ದ ಯುವತಿ ವಿನಯಶೀಲೆ. ಅರವತ್ತು ದಾಟಿದವರು ಡಾಕ್ಟರ ಚೀಟಿಯ ಜೊತೆಗೆ ಮಗನದೋ ಮಗಳದೋ ಒಪ್ಪಿಗೆ ಪತ್ರ ತರಬೇಕೆಂದು ತಿಳಿಸಿದಳು. 'ಮನೇಲಿ ಸೈನ್ ಮಾಡಿಸ್ಕೊಂಡು ಬನ್ನಿ ಅಂಕಲ್' ಎಂದಳು. ಮೂವತ್ತೈದು ವರ್ಷ ಇದೇ ಮಾತನ್ನು ಪ್ರಗತಿಪತ್ರ ಕೊಡುವಾಗ ಸಾವಿರಾರು ಮಕ್ಕಳಿಗೆ ಹೇಳಿದವನು ನಾನು. ಅಪ್ಪನ ಸಹಿಯನ್ನು ತಾವೇ ಹಾಕಿಕೊಂಡು ಬಂದ ಮಹನೀಯರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಮಗನ ಸಹಿಯನ್ನು ನಾನೇ ಹಾಕಬಹುದೇ ಎಂದು ಐದು ನಿಮಿಷ ಪ್ರಾಮಾಣಿಕವಾಗಿ ಯೋಚಿಸಿದೆ. ಆಗ ಆ ಹುಡುಗರ ಕಷ್ಟ ಅರ್ಥವಾಯಿತು. ಅವರೆಲ್ಲರಲ್ಲೂ ಈ ಮೂಲಕ ಕ್ಷಮೆ ಕೋರುತ್ತೇನೆ.

ವಾಪಸು ಬಂದು ಸಾಬರ ಮನೆಯ ಮುಂದೆ ನಿಂತೆ. ಒಪ್ಪಿಗೆ ಪತ್ರದ ವೃತ್ತಾಂತ ಕೇಳಿ ಅವರು 'ನಾಳೆ ಎಣ್ಣೆ ಹಚ್ಕಂಡು ಬರ್ರಿ' ಎಂದರು. ಹೊಳೆಯಲ್ಲೇ ಕಲಿಸುವಿರೇನು ಎಂದರೆ ತಲೆಯಾಡಿಸಿದರು. 'ಹೊಳೆ ನಂಬಂಗಿಲ್ರಿ. ಇವತ್ತು ಮಳಲು ಇದ್ದಲ್ಲಿ ನಾಳೆ ಮಡು ಇರ್ತೈತೆ. ಬಾವಿಯಾದ್ರೆ ಇದ್ದಲ್ಲೇ ಇರ್ತೈತೆ.'

ಹೀಗೆ ನಾವು ಆರಿಸಿಕೊಂಡದ್ದು ನ್ಯಾಮತಿ ರಸ್ತೆಯಲ್ಲಿರುವ ಹಾಲೇಶನ ತೋಟದ ಬಾವಿ. ಹಾಲೇಶ ನ್ಯಾಮತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು; ಈಗ ಅವನಿಗೇ ಕನ್ನಡಕ ಬಂದಿದೆ. ಸುತ್ತಮುತ್ತ ಎಲ್ಲರೂ ಬೋರು ಕೊರೆಸಿ ಬಾವಿ ಮುಚ್ಚಿದ್ದರಿಂದ, ಮನುಷ್ಯ ಇಳಿಯಬಹುದಾದ ದೊಡ್ಡ ಚೌಕದ ಬಾವಿ ಅದೊಂದೇ ಉಳಿದಿತ್ತು. ಗೋಡೆಯಿಂದ ಗೋಡೆಗೆ ಹತ್ತು ಮಾರು. ನಾಲೆಯ ಬಸಿನೀರಿನಿಂದ ಕಡುಬೇಸಿಗೆಯಲ್ಲೂ ಎರಡಾಳು ನೀರು.

ಮೊದಲ ದಿನ ಸಾಬರು ಚೀಲದಿಂದ ಬೆಂಡು ತೆಗೆದರು. ತಿಳಿಯದವರಿಗೆ ಹೇಳುತ್ತೇನೆ: ಒಣಗಿದ ಕತ್ತಾಳೆ ದಿಂಡನ್ನು ಮೊಳದುದ್ದ ಕತ್ತರಿಸಿದರೆ ಅದೇ ಬೆಂಡು. ಹತ್ತಿಯಷ್ಟು ಹಗುರ. ಈಜು ಕಲಿಯುವವರ ಬೆನ್ನಿಗೆ ಅದನ್ನು ಕಟ್ಟುತ್ತಾರೆ, ಅದು ಅವರನ್ನು ತೇಲಿಸುತ್ತದೆ. ಕೈಕಾಲು ಪಳಗಿದಂತೆ ಗುರು ಒಂದೊಂದನ್ನೇ ಬಿಚ್ಚುತ್ತಾ ಹೋಗುತ್ತಾರೆ. ಕೊನೆಯ ಬೆಂಡು ಬಿಚ್ಚಿ ಗೋಡೆಯಿಂದ ಗೋಡೆಗೆ ಹೋದರೆ ವಿದ್ಯೆ ಬಂದಂತೆ. ಬುಡೇನ್ ಸಾಬರ ಒಂದು ನಿಯಮವಿದೆ: ಕಟ್ಟಿದವನೇ ಬಿಚ್ಚಬೇಕು, ಮತ್ತು ಬೆಂಡು ಬೆನ್ನಲ್ಲಿರುವಾಗ ಶಿಷ್ಯನನ್ನು ಅರ್ಧಕ್ಕೆ ಬಿಡುವಂತಿಲ್ಲ. ಇದುವರೆಗೆ ಬಿಟ್ಟಿಲ್ಲ.

'ಹುಡುಗರಿಗೆ ಮೂರು ಕಟ್ತೀನಿ' ಎಂದರು, ನನ್ನ ಬೆನ್ನಿಗೆ ಹಗ್ಗ ಸುತ್ತುತ್ತಾ. 'ನಿಮಗೆ ಆರು.'

'ಆರು ಯಾಕೆ?'

'ಮೂರು ಮೈಗೆ. ಇನ್ನು ಮೂರು, ನೀವು ಓದಿದೀರಲ್ಲ, ಅದಕ್ಕೆ.'

ದಡದ ಮೇಲೆ ಬೇವಿನ ನೆರಳಲ್ಲಿ ವಿಶಾಲಾಕ್ಷಿ ಟವೆಲ್ ಹಿಡಿದು ಕುಳಿತಿದ್ದಳು. ನನ್ನನ್ನು ಕಾಪಾಡಲು ಬಂದಿರುವಳೆಂದು ಭಾವಿಸಿ ನಾನು ಹೊರಡುವಾಗಲೇ ಕೃತಜ್ಞತೆ ಸೂಚಿಸಿದ್ದೆ. 'ಕಾಪಾಡಾಕೆ ಸಾಬ್ರು ಅದಾರೆ' ಎಂದಿದ್ದಳು. 'ನಾನು ಬರೋದು ನೋಡಾಕೆ.' ಆರು ಬೆಂಡು ಹೊತ್ತು, ಪಟ್ಟೆಪಟ್ಟೆ ಚಡ್ಡಿಯಲ್ಲಿ, ಎಣ್ಣೆಯಿಂದ ಮಿರುಗುತ್ತಾ ಮೆಟ್ಟಿಲಿಳಿದ ಆ ಆಕೃತಿಯನ್ನು ನೋಡಲು ಟಿಕೆಟ್ಟು ಇಟ್ಟಿದ್ದರೂ ಜನ ಬರುತ್ತಿದ್ದರೆಂದು ಆಮೇಲೆ ಹೇಳಿದಳು.

ನೀರಿಗಿಳಿದ ಕೂಡಲೇ ನಾನು ಮೂವತ್ತೈದು ವರ್ಷದ ಅಧ್ಯಾಪನದಲ್ಲಿ ಗಳಿಸಿದ ಘನತೆಯನ್ನೆಲ್ಲ ಒಂದೇ ಕ್ಷಣದಲ್ಲಿ ಕಳೆದುಕೊಂಡು ಸಾಬರ ಕೊರಳಿಗೆ ಜೋತುಬಿದ್ದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. 'ನೋಡ್ರಿ ಮೇಷ್ಟ್ರೆ, ನನ್ನ ಕಸುಬು ಏನು? ಮಂದಿನ ಮಲಗಿಸೋದು. ಗಾದಿ ಮ್ಯಾಲೆ ಮಲಗೋವಾಗ ಅದನ್ನ ಹಿಡ್ಕಂತೀರಾ? ಇಲ್ಲ. ಮೈ ಬಿಡ್ತೀರಿ. ಗಾದಿ ನಿಮ್ಮನ್ನ ಹಿಡ್ಕಂತೈತೆ. ಹಂಗೆ ಬಿಡ್ರಿ.' ಬಿಟ್ಟೆ. ಬಿಟ್ಟೊಡನೆ ಕೈಕಾಲನ್ನು ಬೀಸುಗಲ್ಲಿನ ವೇಗದಲ್ಲಿ ತಿರುಗಿಸಲಾರಂಭಿಸಿದೆ. ಆಗ ಸಾಬರು ಜಗತ್ತಿನ ಆ ಪದವನ್ನೇ ಹೇಳಿದರು: 'ನಿಧಾನ, ಮೇಷ್ಟ್ರೆ, ನಿಧಾನ.' ಆದರೆ ಇಲ್ಲಿ ಅದಕ್ಕೆ ಬೇರೆಯೇ ಅರ್ಥವಿತ್ತು. ಕಂಡಕ್ಟರನ ನಿಧಾನದಲ್ಲಿ ನೀವು ಬಿದ್ದುಹೋಗುತ್ತೀರಿ ಎಂಬ ಊಹೆಯಿತ್ತು. ಸಾಬರ ನಿಧಾನದಲ್ಲಿ ನಿಮಗೆ ಇದು ಬರುತ್ತದೆ ಎಂಬ ಊಹೆ. ಅವರು ಅದನ್ನು ಹನ್ನೆರಡು ವರ್ಷದವರಿಗೂ ಹೇಳುತ್ತಿದ್ದರು. ಬಹಳ ಕಾಲದ ಮೇಲೆ ಒಬ್ಬರು ನನಗೆ ಹನ್ನೆರಡು ವರ್ಷದವರಿಗೆ ಹೇಳುವುದನ್ನು ಹೇಳಿದ್ದರು, ನಾನು ಸಂತೋಷದಿಂದ ಒಂದು ಬೊಗಸೆ ನೀರು ಕುಡಿದೆ.

ನಮ್ಮೂರಿನ ನಿವೃತ್ತರೆಲ್ಲ ಸಂಜೆ ಹೊಳೆದಂಡೆಯ ಒಂದು ಕಟ್ಟೆಯ ಮೇಲೆ ಸೇರುತ್ತೇವೆ. ಅಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಅಂಕಿಗಳನ್ನು ಕ್ರಿಕೆಟ್ಟಿನ ಸ್ಕೋರಿನಂತೆ ವಿನಿಮಯ ಮಾಡಿಕೊಳ್ಳುವುದು ವಾಡಿಕೆ; ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಒರಗಲು ಕಂಬವಿರುವ ಜಾಗ ಮೀಸಲು. ನಾನು ಈಜು ಕಲಿಯುತ್ತಿರುವ ವಾರ್ತೆ ಅಲ್ಲಿ ತಲುಪಿದಾಗ ಅಂಕಿಗಳ ವಿನಿಮಯ ಅರ್ಧಕ್ಕೇ ನಿಂತಿತು. ಕೊನೆಗೆ ಒಬ್ಬ ನಿವೃತ್ತ ಓವರ್ಸಿಯರು ನನ್ನ ಭುಜ ತಟ್ಟಿ, 'ಅದೆಲ್ಲ ಬ್ಯಾಡ್ರಿ. ಮನಸ್ಸು ಒಂದು ಹರೇದಾಗಿದ್ರೆ ಸಾಕು' ಎಂದರು.

ಈ ಮಾತನ್ನು ನಾನೂ ಹಲವು ಬೀಳ್ಕೊಡುಗೆ ಸಮಾರಂಭಗಳಲ್ಲಿ, ಶಾಲು ಹೊದೆಸುವ ಮುನ್ನ, ಗದ್ಗದಿತನಾಗಿ ಆಡಿದ್ದೇನೆ. ಈಗ ಬಾವಿಯಲ್ಲಿ ತೇಲುತ್ತಾ ಯೋಚಿಸಿದರೆ ಅದರಲ್ಲೊಂದು ಮೋಸ ಕಾಣುತ್ತದೆ. ಮನಸ್ಸು ಹರೆಯದಲ್ಲಿರುವುದೇನೂ ಸಾಹಸವಲ್ಲ, ಅದಕ್ಕೆ ಮಂಡಿಯಿಲ್ಲ. ಕಟ್ಟೆಯ ಮೇಲೆ ಕುಳಿತೇ ಅದು ಇಪ್ಪತ್ತಕ್ಕೆ ಹೋಗಿ ಕಾಫಿಯ ಹೊತ್ತಿಗೆ ವಾಪಸು ಬರುತ್ತದೆ. ಹರೆಯದವರನ್ನು ಹರೆಯದವರನ್ನಾಗಿ ಮಾಡಿದ್ದು ಬೇರೆ ಏನೋ ಇರಬೇಕು. ಅವರಿಗೆ ಬಾರದ ಸಂಗತಿಗಳು ರಾಶಿ ರಾಶಿ ಇರುತ್ತವೆ, ಮತ್ತು ಬಾರದು ಎಂದು ಹೇಳಲು ಅವರಿಗೆ ನೆಗಡಿಯ ನೆಪ ಬೇಕಾಗುವುದಿಲ್ಲ. ಎಲ್ಲ ಬಲ್ಲವನಂತೆ ಬದುಕುವುದಿದೆಯಲ್ಲ, ಅದು ಮನುಷ್ಯನನ್ನು ಮುದುಕನನ್ನಾಗಿಸುವಷ್ಟು ಶೀಘ್ರವಾಗಿ ಕಾಲವೂ ಆಗಿಸಲಾರದು. ನಾನು ಇಪ್ಪತ್ತೆಂಟಕ್ಕೇ ಕೊಡೆ ಹಿಡಿದು ಕೆರೆ ಏರಿಯ ಮೇಲೆ ಮುದುಕನಾಗಿ ನಿಂತಿದ್ದೆ. ಅರವತ್ತೇಳರಲ್ಲಿ ಒಬ್ಬ ಗಾದಿ ಹೊಲಿಯುವವರ ಕೈಲಿ ಬೈಸಿಕೊಂಡು ಎಳೆಯನಾಗುತ್ತಿದ್ದೆ.

ಮೊದಲ ಬೆಂಡು ಎಂಟನೆಯ ದಿನ ಬಿಚ್ಚಿತು. ಎರಡನೆಯದನ್ನು ಸಾಬರು ಯಾವಾಗ ಬಿಚ್ಚಿದರೋ ನೆನಪಿಲ್ಲ. ಮೂರು ನಾಲ್ಕಕ್ಕೆ ಸ್ವಲ್ಪ ಚರ್ಚೆ ನಡೆಯಿತು. ಕಿವಿಯವರೆಗೆ ನೀರಿನಲ್ಲಿ ಮುಳುಗಿ ಮಲಗಿದಾಗ ಹೊರಗಿನ ಸದ್ದೆಲ್ಲ ನಿಂತು ನನ್ನ ಉಸಿರೊಂದೇ ಕೇಳಿಸುತ್ತಿತ್ತು. ನಲವತ್ತು ನಿಮಿಷಕ್ಕೊಂದು ಗಂಟೆ ಬಾರಿಸಿ ತುಂಡು ಮಾಡಿದ ಕಾಲವನ್ನೇ ಬಲ್ಲ ನನಗೆ, ತುಂಡಾಗದೆ ಹರಡಿಕೊಂಡ ಕಾಲವನ್ನು ಕಂಡದ್ದು ಅದೇ ಮೊದಲು. ಬೇಸಿಗೆ ಬಲಿಯುವ ಹೊತ್ತಿಗೆ ಬೆನ್ನಲ್ಲಿ ಎರಡು ಬೆಂಡು ಉಳಿದಿದ್ದವು.

ಆಗ ಹಾಲೇಶ ಬಂದ. ದಡದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಹಿಂದೆ ಹೋಂವರ್ಕ್ ತರದ ದಿನ ಹೇಗೆ ತಲೆ ಕೆರೆದುಕೊಳ್ಳುತ್ತಿದ್ದನೋ ಹಾಗೆಯೇ ಕೆರೆದುಕೊಂಡ.

'ಸಾರ್, ಬ್ಯಾಸರ ಮಾಡ್ಕಬ್ಯಾಡ್ರಿ. ಈ ಬಾವಿ ಮುಚ್ಚಿಸ್ತಾ ಇದೀನಿ. ಅಡಿಕೆ ಒಣಗ್ಸಾಕೆ ಕಣ ಮಾಡ್ಬೇಕು. ಮಣ್ಣಿಗೆ ಟ್ರ್ಯಾಕ್ಟರ್ ಹೇಳಿ ಆಗೈತೆ.'

'ಯಾವಾಗ?'

'ಭಾನುವಾರ.'

ಅಂದು ಗುರುವಾರ. ಸಾಬರು ಮೆಟ್ಟಿಲ ಮೇಲೆ ಕುಳಿತು ಹಗ್ಗ ಸುತ್ತುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಇನ್ನೊಂದು ಬಾವಿಯಿಲ್ಲ. ಹೊಳೆಗೆ ಅವರು ಇಳಿಸುವುದಿಲ್ಲ. ಈಜುಕೊಳಕ್ಕೆ ನನ್ನ ಮಗನ ಸಹಿ ಬೇಕು. ಭಾನುವಾರದೊಳಗೆ ಎರಡು ಬೆಂಡು ಬಿಚ್ಚದಿದ್ದರೆ ನಾನು ಬೆಂಡು ಸಮೇತ ಉಳಿದುಹೋಗುತ್ತೇನೆ, ಸಾಬರು ತಮ್ಮ ಜೀವನದಲ್ಲಿ ಮೊದಲ ಬಾರಿ ಒಬ್ಬ ಶಿಷ್ಯನನ್ನು ಅರ್ಧಕ್ಕೆ ಬಿಟ್ಟಂತಾಗುತ್ತದೆ. ಅವರಿಗೆ ಇನ್ನೊಬ್ಬ ಶಿಷ್ಯ ಬರುವನೆಂಬ ಭರವಸೆಯೂ ಇರಲಿಲ್ಲ.

ಈ ಸಂಕಟದಲ್ಲಿ ನನ್ನ ಕೈ ಹಿಡಿದದ್ದು ಪಂಚಾಂಗ, ಯಾವುದನ್ನು ನಾನು ವೈಜ್ಞಾನಿಕ ಮನೋಭಾವದ ಪಾಠದಲ್ಲಿ ಸತತವಾಗಿ ಹೀಗಳೆದಿದ್ದೆನೋ ಅದೇ. ಹಾಲೇಶನ ತಾಯಿ ಭಾನುವಾರ ಅಮಾವಾಸ್ಯೆಯೆಂದೂ, ಅಮಾವಾಸ್ಯೆಯಂದು ಬಾವಿಗೆ ಕೈ ಹಚ್ಚಕೂಡದೆಂದೂ ಆಜ್ಞಾಪಿಸಿದರು. ಸೋಮವಾರ ನಮ್ಮ ಕಡೆ ಬಸವಣ್ಣನಿಗೆ ಬಿಡುವು, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಟ್ರ್ಯಾಕ್ಟರಿಗೆ ಹೆಗಲಿಲ್ಲವಲ್ಲ ಎಂದು ಹಾಲೇಶ ವಾದಿಸಿದನಂತೆ; ಮಣ್ಣಿನ ಕೆಲಸ ಮಣ್ಣಿನ ಕೆಲಸವೇ ಎಂದು ತಾಯಿ ವಾದವನ್ನು ತಳ್ಳಿಹಾಕಿದರಂತೆ. ಮಂಗಳವಾರ ಯಾರೂ ಯಾವುದನ್ನೂ ಆರಂಭಿಸುವುದಿಲ್ಲ. ಹೀಗಾಗಿ ಬುಧವಾರವೆಂದು ನಿಕ್ಕಿಯಾಯಿತು. ಮೂರು ದಿನ ಸಿಕ್ಕಿದವು. ಆ ಮಹಾತಾಯಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ಭಾನುವಾರ ಐದನೆಯ ಬೆಂಡು ಬಿಚ್ಚಿತು. ಸೋಮವಾರ ಆರನೆಯದನ್ನೂ ಬಿಚ್ಚಿ ಸಾಬರು ನನ್ನನ್ನು ಬರಿಬೆನ್ನಲ್ಲಿ ನೀರಿಗೆ ಬಿಟ್ಟರು. ಎರಡು ಮಾರು ಹೋದೆ. ಆಮೇಲೆ, ನಾನು ಬೆಂಡಿಲ್ಲದೆ ಹೋಗುತ್ತಿದ್ದೇನೆ ಎಂಬ ಸಂಗತಿಯನ್ನು ನನಗೆ ನಾನೇ ವಿವರಿಸಿಕೊಂಡೆ, ಮತ್ತು ತತ್‌ಕ್ಷಣ ಕೆಳಗಿಳಿದೆ. ನೀರಿನೊಳಗೆ ಹಸಿರು ಬೆಳಕು, ಮೂಗಿನಲ್ಲಿ ಉರಿ, ಬಾಯಲ್ಲಿ ಪಾಚಿಯ ರುಚಿ. ಸಾಬರು ಕೂದಲು ಹಿಡಿದು ಎಳೆಯಲು ಹೋಗಿ, ಅಲ್ಲಿ ಕೂದಲಿಲ್ಲದ ಕಾರಣ ಕಿವಿ ಹಿಡಿದು ಎಳೆದು ಮೆಟ್ಟಿಲಿಗೆ ತಂದರು.

'ನೀವು ಈಜ್ತಾ ಇಲ್ಲ' ಎಂದರು, ಮೊದಲ ಬಾರಿಗೆ ಸಿಟ್ಟಿನಿಂದ. 'ಒಳಗೊಳಗೇ ಪಾಠ ಮಾಡ್ತೀರಿ. ನೀರಿಗೆ ಪಾಠ ಬ್ಯಾಡ.'

ಮಂಗಳವಾರ ನಾನು ಹೋಗಲೇ ಇಲ್ಲ. ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಮನೆಯಲ್ಲಿ ಹೊಸ ಗಾದಿಯ ಮೇಲೆ ಮಲಗಿ, ನೆಗಡಿಯಾಗಿದೆ ಎಂದೆ. ಈ ಸಲ ನಿಜವಾಗಿಯೂ ಆಗಿತ್ತು, ಆದರೆ ನಂಬಲು ಯಾರೂ ಉಳಿದಿರಲಿಲ್ಲ. ವಿಶಾಲಾಕ್ಷಿ ಶುಂಠಿ ಕಷಾಯ ತಂದಿಟ್ಟು, ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು: 'ಸಾಬ್ರು ಬೆಳಿಗ್ಗೆ ಬಾವಿ ತಾವ ಹೋಗಿ ಕುಂತಿದ್ರಂತೆ. ಮಧ್ಯಾಹ್ನದ ತನಕ ಒಬ್ರೇ. ಹಾಲೇಶ ಫೋನ್ ಮಾಡಿದ್ದ.' ಇಷ್ಟು ಹೇಳಿ ಅವಳು ಒಳಗೆ ಹೋದಳು. ಕಷಾಯ ಕುಡಿದೆ. ಅದು ಇಳಿದ ದಾರಿಯುದ್ದಕ್ಕೂ ಉರಿಯಿತು.

ಬುಧವಾರ ಬೆಳಿಗ್ಗೆ ನಾನೂ ವಿಶಾಲಾಕ್ಷಿಯೂ ಬಾವಿಯ ಬಳಿ ಹೋದಾಗ ಟ್ರ್ಯಾಕ್ಟರ್ ಆಗಲೇ ಬಂದಿತ್ತು. ಕೆಂಪು ಮಣ್ಣು ತುಂಬಿದ ಟ್ರೇಲರನ್ನು ದಡದ ಕಡೆಗೆ ಹಿಮ್ಮುಖವಾಗಿ ನಿಲ್ಲಿಸಿ ಚಾಲಕ ಎಂಜಿನ್ನನ್ನು ಗುಡುಗಿಸುತ್ತಿದ್ದ. ಹಾಲೇಶ ಗಂಗಮ್ಮನ ಪೂಜೆಗೆಂದು ತೆಂಗಿನಕಾಯಿ ಹಿಡಿದು ನಿಂತಿದ್ದ. ಬುಡೇನ್ ಸಾಬರು ಮೆಟ್ಟಿಲ ಮೇಲೆ ಕುಳಿತಿದ್ದರು, ಪಕ್ಕದಲ್ಲಿ ಒಂದು ಬೆಂಡು ಇತ್ತು. ನಾನು ಅಂಗಿ ಬಿಚ್ಚಿದೆ. ಸಾಬರು ಬೆಂಡು ಎತ್ತಿಕೊಂಡು ಕಟ್ಟಲೋ ಎಂಬಂತೆ ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅವರು ಅದನ್ನು ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರು.

'ಹತ್ತು ನಿಮಿಷ ಕೊಡಪ್ಪ' ಎಂದರು ಹಾಲೇಶನಿಗೆ.

ಇಳಿದೆ. ನೀರು ತಣ್ಣಗಿತ್ತು. ಪಾಠ ಮಾಡಬಾರದೆಂದು ನಿಶ್ಚಯಿಸಿದ್ದೆ, ಆದರೆ ಪಾಠ ಮಾಡಬಾರದೆಂಬುದೂ ಒಂದು ಪಾಠವೇ ಆದ್ದರಿಂದ ಅದನ್ನೂ ಬಿಟ್ಟೆ. ಎದುರಿನ ಗೋಡೆಯ ಕಲ್ಲಿನ ಸಂದಿಯಲ್ಲೊಂದು ಜರಿಗಿಡವಿತ್ತು, ಅದನ್ನೇ ನೋಡುತ್ತಾ ಕೈ ಹಾಕಿದೆ, ಕಾಲು ಬಡಿದೆ, ಮೈ ಬಿಟ್ಟೆ. ಎರಡು ಮಾರು ದಾಟಿತು. ಅರ್ಧ ಬಾವಿ ದಾಟಿತು. ಜರಿಗಿಡದ ಎಲೆಗಳು ಬೇರೆ ಬೇರೆಯಾಗಿ ಕಾಣತೊಡಗಿದವು. ಆಮೇಲೆ ನನ್ನ ಬೆರಳಿಗೆ ಕಲ್ಲು ತಾಗಿತು.

ಗೋಡೆಯ ಒಂದು ಉಬ್ಬುಗಲ್ಲನ್ನು ಅವುಚಿ ಹಿಡಿದು, ಏದುಸಿರು ಬಿಡುತ್ತಾ, ನಾನು ವಿಜಯೋತ್ಸಾಹದಿಂದ ಮೇಲಕ್ಕೆ ನೋಡಿದೆ. ಆಗ ನನ್ನ ಜೀವಮಾನದ ಭೌಗೋಳಿಕ ಜ್ಞಾನವೆಲ್ಲ ಒಂದು ಸಣ್ಣ ವಿವರವನ್ನು ಗಮನಿಸದೆ ಬಿಟ್ಟಿತ್ತೆಂದು ಅರಿತೆ. ಇಷ್ಟು ದಿನ ಮೆಟ್ಟಿಲ ಬದಿಯಲ್ಲೇ ಕೈಕಾಲು ಬಡಿದವನು ನಾನು; ಈ ಕಡೆ ಮೆಟ್ಟಿಲಿರಲಿಲ್ಲ. ಮೂರಾಳೆತ್ತರದ ನೆಟ್ಟಗಿನ ಗೋಡೆ, ಅದರ ಮೇಲೆ ಆಕಾಶ. ಬಾವಿಯೆಂದರೆ ಮೇಲಿನಿಂದ ಕೊಡ ಬಿಡುವ ಜಾಗವೆಂದೇ ತಿಳಿದು ಬೆಳೆದ ನನಗೆ, ಆಚೆ ಗೋಡೆ ಮುಟ್ಟುವುದೇ ಕಥೆಯ ಕೊನೆಯಾಗಿತ್ತು. ಮುಟ್ಟಿದ ಮೇಲೆ ಮನುಷ್ಯ ಮನೆಗೆ ಹೋಗುವುದು ಹೇಗೆಂದು ಯೋಚಿಸಿರಲೇ ಇಲ್ಲ.

'ಸಾಬ್ರೆ, ಮೊದಲೇ ಹೇಳಬಾರದಿತ್ತೇ?' ಎಂದು ಕೂಗಿದೆ.

'ಹೇಳಿದ್ರೆ ನೀವು ಹೋಗ್ತಿರ್ಲಿಲ್ಲ' ಎಂದರು ಸಾಬರು ಆಚೆಯಿಂದ, ಶಾಂತವಾಗಿ.

ಹಾಲೇಶನ ತಲೆ ದಡದ ಮೇಲೆ ಕಾಣಿಸಿತು. 'ಸಾರ್, ಹಗ್ಗ ಬಿಡ್ತೀನಿ, ಹಿಡ್ಕಳ್ರಿ. ಆಳುಗಳೂ ಸೇರಿ ನಾವು ನಾಕು ಜನ ಅದೀವಿ, ಎಳ್ಕಂತೀವಿ.' ಹಗ್ಗ ಇಳಿದೂ ಬಂತು, ನನ್ನ ಕಿವಿಯ ಪಕ್ಕದಲ್ಲಿ ತೂಗಾಡಿತು. ಮಂಡಿ ಹಗ್ಗವನ್ನು ಶಿಫಾರಸು ಮಾಡಿತು. ಶ್ವಾಸಕೋಶವೂ ಅನುಮೋದಿಸಿತು. ಆಗ ಬೇವಿನ ನೆರಳಿನಿಂದ ವಿಶಾಲಾಕ್ಷಿಯ ಧ್ವನಿ, ಸಂತೆಯಲ್ಲಿ ಚೀಲ ಮರೆತವನಿಗೆ ಹೇಳುವಷ್ಟೇ ಸಹಜವಾಗಿ, ಕೇಳಿಸಿತು.

'ರೀ. ಟವೆಲ್ ಈ ಕಡೆ ಐತೆ.'

ಹಗ್ಗವನ್ನು ಪಕ್ಕಕ್ಕೆ ಸರಿಸಿದೆ. ಕಲ್ಲನ್ನು ಬಿಟ್ಟೆ. ಹೋಗುವಾಗ ನಾನು ಎಣಿಸಿದ್ದೆ, ಒಂದು ಮಾರು, ಎರಡು ಮಾರು ಎಂದು, ಬರುವಾಗ ಎಣಿಸಲಿಲ್ಲ. ಹೋಗುವಾಗ ನನಗೆ ಈಜು ಬರುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ನಡೆದಿತ್ತು. ಬರುವಾಗ ಸುಮ್ಮನೆ ಟವೆಲ್ ಇರುವ ಕಡೆಗೆ ಬರುತ್ತಿದ್ದೆ. ನೀರು ನನ್ನನ್ನು ಹಿಡಿದುಕೊಂಡಿತ್ತು. ಪಾದಕ್ಕೆ ಮೆಟ್ಟಿಲು ತಾಗಿತು, ಸಾಬರ ಕೈ ಭುಜಕ್ಕೆ ತಾಗಿತು. ಅವರು ನನ್ನ ಬರಿಬೆನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ಸವರಿದರು, ಹೊಸದಾಗಿ ತುಂಬಿದ ಗಾದಿಯಲ್ಲಿ ಗಂಟು ಉಳಿದಿದೆಯೇ ಎಂದು ನೋಡುವವರಂತೆ.

'ಆಯ್ತಲ್ಲ ಸಾರ್, ಮ್ಯಾಲೆ ಬರ್ರಿ' ಎಂದ ಹಾಲೇಶ, ತೆಂಗಿನಕಾಯಿಯನ್ನು ಬಲಗೈಗೆ ಬದಲಿಸಿಕೊಳ್ಳುತ್ತಾ. ವಿಶಾಲಾಕ್ಷಿ ಟವೆಲ್ ಬಿಚ್ಚಿ ಹಿಡಿದಳು.

ನಾನು ಒಂದು ಮೆಟ್ಟಿಲು ಹತ್ತಿದೆ. ನಿಂತೆ. ಹಿಂತಿರುಗಿ ನೋಡಿದೆ, ನಾನು ಕಲಕಿದ ನೀರು ಆಗಲೇ ಸಮವಾಗುತ್ತಿತ್ತು, ಆಚೆ ಗೋಡೆಯಲ್ಲಿ ಜರಿಗಿಡ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಇನ್ನೊಮ್ಮೆ ಹೋಗಿ ಬರಬೇಕೆಂದು ಯಾರೂ ಹೇಳಿರಲಿಲ್ಲ, ಯಾವ ನಿಯಮವೂ ಇರಲಿಲ್ಲ. ಮೆಟ್ಟಿಲಿಳಿದು ಮೈ ಬಿಟ್ಟೆ.

'ಸಾರ್?' ಎಂದ ಹಾಲೇಶ.

'ತಡಿಯಪ್ಪ' ಎಂದರು ಬುಡೇನ್ ಸಾಬರು. 'ನಮ್ಮ ಮೇಷ್ಟ್ರು ಇನ್ನೂ ಮುಗಿಸಿಲ್ಲ.'

ನಾನು ಅರ್ಧ ಬಾವಿ ದಾಟುವ ಹೊತ್ತಿಗೆ, ಮೇಲೆ ಟ್ರ್ಯಾಕ್ಟರಿನವನು ಎಂಜಿನ್ ಆರಿಸಿದ್ದು ಕೇಳಿಸಿತು.